ಹರಳಿನ ಪರೀಕ್ಷೆ

ಕುಲುಮೆಯ ಮುಂದೆ ಎಂಟು ತಿಂಗಳು ಕಾದು ಜಯಶೀಲಾ ಬೆಳೆಸಿದ್ದು ಒಂದೇ ಒಂದು ಹರಳು, ಹುಣಸೆಬೀಜದಷ್ಟು. ಒಳಗೆ ಹೊಕ್ಕ ಲೇಸರ್ ಬೆಳಕು ಬೇರೆಯೇ ಬಣ್ಣ ತಳೆದು ಹೊರಬರುತ್ತಿತ್ತು. ಅದನ್ನಿಟ್ಟು ಹೊಸ ಲೇಸರ್ ಕಟ್ಟಿಬಿಟ್ಟರೆ, ಏಳು ವರ್ಷದಿಂದ ಎಳೆಯುತ್ತಿದ್ದ ಅವಳ ಪಿಎಚ್.ಡಿ. ಮುಗಿಯುತ್ತಿತ್ತು.

"ಎಷ್ಟು ಬೆಳಕು ತಡ್ಕೊಳ್ಳುತ್ತೆ ಅಂತ ಮೊದಲು ನೋಡೋಣ," ಎಂದರು ಗೈಡ್.

"ಒಡೆದುಹೋದ್ರೆ ಸರ್?"

"ಅದು ನನ್ನ ಕೈಲಿದೆಯೇನಮ್ಮಾ? ಕನ್ನಡಕ ಹಾಕ್ಕೋ."

ಅವರು ಬೆಳಕಿನ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರು. ಒಡೆಯದಿರಲಿ, ಒಡೆಯದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಯಂತ್ರ ಕೊಡಬಲ್ಲ ಬೆಳಕನ್ನೆಲ್ಲ ಕೊಟ್ಟಾಯಿತು. ಹರಳಿನ ಮೇಲೆ ಒಂದು ಗೀರೂ ಬೀಳಲಿಲ್ಲ.

"ಭಾರಿ ಗಟ್ಟಿ ಕಣಮ್ಮಾ ನಿನ್ನ ಹರಳು!"

ಜಯಶೀಲಾ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರು ಹರಳನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಯಾರಿಗೋ ಫೋನ್ ಮಾಡಿದ್ದರು.

"ಹ್ಞೂಂ ಸರ್, ಒಡೀಲೇ ಇಲ್ಲ. ನಾಳೇನೇ ತಂದ್ಕೊಡ್ತೀನಿ, ನಿಮ್ಮ ಲೇಸರ್‌ಗೇ ಹಾಕ್ಕೊಳ್ಳಿ. ಅವಳಿಗೇನು ಬಿಡಿ, ಇನ್ನೊಂದು ಬೆಳೆಸ್ಕೋತಾಳೆ."