ಹೊಳೆದಂಡೆಯ ಆರು ಹೆಸರು

ಬಸವಂತಪ್ಪ ಚಪ್ಪಲಿ ಕಳಚಿಟ್ಟು, ಡಚ್ಚರ ನಾಡಿನ ಮಾಸ್ ನದಿಯ ದಂಡೆಯ ಹಳೆಯ ಬಂಕರಿನ ಪಕ್ಕದಲ್ಲಿದ್ದ ಕಲ್ಲಿಗೆ ಒಂದು ಹಿಡಿ ಹಳದಿ ಹೂವಿಟ್ಟು ಕೈಮುಗಿದರು. ಯಾರಾದರೂ ನೋಡಿಯಾರೆಂದು ಸೊಸೆ ಪದ್ಮಿನಿ ಅತ್ತಿತ್ತ ಕಣ್ಣು ಹಾಯಿಸಿದಳು. ಕೊರೊನಾ ಕಾಲ, ಬಾತುಕೋಳಿಗಳನ್ನು ಬಿಟ್ಟರೆ ನೋಡುವವರೇ ಇರಲಿಲ್ಲ. ಎರಡು ತಿಂಗಳಿಗೆಂದು ಮಗನ ಮನೆಗೆ ಬಂದ ಮಾವ, ವಿಮಾನ ನಿಂತು ಐದನೆಯ ತಿಂಗಳೂ ಇಲ್ಲೇ ಉಳಿದಿದ್ದರು. ದಿನವೂ ವಾಕಿಂಗ್ ಇಲ್ಲಿಗೇ. ಸೊಸೆ ಜೊತೆಗೆ ಬಂದದ್ದು ಇವತ್ತೇ ಮೊದಲು.

"ಕಲ್ಲಿನ್ಯಾಗ ಹೆಸರು ಕೆತ್ಯಾರಂದ್ರ ಜೀವಾ ಕೊಟ್ಟಂಥವ್ರವ್ವಾ. ನಮ್ಮೂರ ವೀರಗಲ್ಲಿಗೂ ಹಿಂಗ ಮಾಡ್ತೀವಿ," ಎಂದರು ಬಸವಂತಪ್ಪ.

ಹೇಳುವಾಗ ಎದೆ ಚುರುಕ್ಕೆಂದಿತು. ಎಪ್ಪತ್ತೊಂದರ ಯುದ್ಧದಲ್ಲಿ ಇಂಥದೇ ಒಂದು ಗಡಿಹೊಳೆಯ ಬಂಕರಿನಿಂದ ಅವರು ಕೈ ಮೇಲೆತ್ತಿ ಹೊರಬಂದು ಸೆರೆಯಾಗಿದ್ದರು. ವರ್ಷದ ಮೇಲೆ ಊರಿಗೆ ಬಂದಾಗ ಅಪ್ಪ, "ದವಾಖಾನ್ಯಾಗ ಇದ್ದೆ ಅನ್ನು" ಎಂದು ಬಾಯಿಗೆ ಬೀಗ ಹಾಕಿದ್ದ. ಅಪ್ಪ ಹೋದ, ಹೆಂಡತಿ ಹೋದಳು. ಸುಳ್ಳು ಮಾತ್ರ ಪಿಂಚಣಿಯ ಹಾಗೆ ತಪ್ಪದೆ ಜೊತೆಗಿತ್ತು.

ಡಚ್ ಕ್ಲಾಸಿಗೆ ಹೋಗುತ್ತಿದ್ದ ಪದ್ಮಿನಿ ಬಗ್ಗಿ ಕಲ್ಲಿನ ಬರಹ ಓದಿದಳು. ಓದುತ್ತ ಓದುತ್ತ ಹುಬ್ಬು ಮೇಲೇರಿತು.

"ಮಾವ, ಇವ್ರ್ಯಾರೂ ಇಲ್ಲಿ ಸತ್ತಿಲ್ಲ."

"ಏನಂದಿ?"

"ನೈಂಟೀನ್ ಫಾರ್ಟಿಲಿ ಜರ್ಮನ್ಸ್ ಹೊಳೆ ದಾಟಕ್ಕೆ ಬಂದಾಗ ಆರು ಜನ ಒಳಗಿದ್ರಂತೆ. ಗುಂಡು ಖಾಲಿ ಆಗೋವರ್ಗೂ ಫೈರ್ ಮಾಡಿ, ಆಮೇಲೆ ಬಿಳಿ ಟವಲ್ ಹಿಡ್ಕೊಂಡು ಆಚೆ ಬಂದ್ರಂತೆ. ಆರೂ ಜನ ಮನೆಗೆ ವಾಪಸ್ ಬಂದಿದಾರೆ. ಒಬ್ರು ತೊಂಬತ್ತೆರಡು ವರ್ಷ ಬದುಕಿದ್ರಂತೆ." ಅವಳಿಗೆ ನಗು ತಡೆಯಲಾಗಲಿಲ್ಲ. "ನೀವು ದಿನಾ ಹೂ ಇಡ್ತಿದ್ದಿದ್ದು ಸರೆಂಡರ್ ಆದೋರಿಗೆ."

ಬಸವಂತಪ್ಪ ನಗಲಿಲ್ಲ. "ಮತ್ತ ಈ ಕಲ್ಲು ಯಾರು ನೆಟ್ರು? ಅವ್ರಿಗೆ ಇದು ಗೊತ್ತಿಲ್ಲೇನು?"

"ಗೊತ್ತಿದ್ದೇ ಊರಿನವ್ರು ಹಾಕಿರೋದು ಮಾವ. ಕೆಳಗೆ ಬರ್ದಿದಾರಲ್ಲ, 'ನಮ್ಮ ಹುಡುಗರು' ಅಂತ."

ಬಸವಂತಪ್ಪ ಹುಲ್ಲಿನ ಮೇಲೆ ಕುಸಿದು ಕುಳಿತರು. ಜ್ವರಗಿರ ಬಂತೇನೋ ಎಂದು ಪದ್ಮಿನಿ ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು, ತಣ್ಣಗಿತ್ತು. ಅರ್ಧ ಶತಮಾನ ಹೊತ್ತ ಹೇರು ಇಳಿದವರ ಹಾಗೆ ಅವರು ದೀರ್ಘವಾಗಿ ಉಸಿರು ಬಿಟ್ಟರು. ಕಣ್ಣಲ್ಲಿ ನೀರು ಬಂತು, ಅದನ್ನು ಅಡಗಿಸಬೇಕೆಂದೂ ಅನಿಸಲಿಲ್ಲ. ಓದಲು ಬಾರದ ಆ ಹೆಸರುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ಕುಂದ್ರವ್ವಾ," ಎಂದರು. "ಇವ್ರು ಆರು ಮಂದಿ. ನಾವು ನಾಲ್ಕು ಮಂದಿ ಇದ್ವಿ."