ಎದುರಂಗಡಿಯ ಸಾಲು

“ಹಳೇದು ನೀವೇ ಬಿಸಾಕ್ಬಿಡಿ,” ಎಂದ ಗಿರಾಕಿ ಹೊಸ ಶೂ ಮೆಟ್ಟಿ ಹೊರಟ. ಬಿಟ್ಟುಹೋದ ಜೋಡಿಯ ಅಂಚಿಗೆಲ್ಲ ತಮ್ಮನ ಕೈಯ ಹೊಲಿಗೆ.

ಅಣ್ಣನ ಶೂ ಅಂಗಡಿಯ ಎದುರಿಗೇ ತಮ್ಮನ ರಿಪೇರಿ ಅಂಗಡಿ. ಆರ್ಥಿಕ ಹಿಂಜರಿತ ಬಂದದ್ದೇ ತಡ, ಜನ ಹೊಸದು ಕೊಳ್ಳುವುದು ಬಿಟ್ಟು ಅಲ್ಲಿ ಸಾಲು ನಿಂತಿದ್ದರು. ಅದನ್ನು ನೋಡಿ ನೋಡಿ ಅಣ್ಣ ಹೊಟ್ಟೆ ಉರಿದುಕೊಂಡಿದ್ದ. “ಇದೆಲ್ಲ ಚಕ್ರ ಅಣ್ಣಾ, ತಿರುಗತ್ತೆ,” ಎಂದು ತಮ್ಮ ಸಮಾಧಾನ ಹೇಳಿದಾಗಲಂತೂ ಮೈಯೆಲ್ಲ ಉರಿದಿತ್ತು.

ಹಿಂಜರಿತ ಮುಗಿದು, ಈಗ ತಿರುಗಿತ್ತು. ಅಣ್ಣ ಆ ಹಳೇ ಜೋಡಿಯನ್ನು ತಮ್ಮನಿಗೆ ಕಾಣುವ ಹಾಗೆ ಎತ್ತಿ ಹಿಡಿದು, ಬೀದಿಯ ಕಸದ ಡಬ್ಬಿಗೆ ಎಸೆದ.

ಎದುರಿಗೆ ಸಾಲಿರಲಿಲ್ಲ. ತಮ್ಮ ಸೂಜಿ ಹಿಡಿದುಕೊಂಡೇ, ಅಣ್ಣನ ಅಂಗಡಿಗೆ ನುಗ್ಗುತ್ತಿದ್ದ ಗಿರಾಕಿಗಳನ್ನು ದಿಟ್ಟಿಸುತ್ತಿದ್ದ. ಆ ನೋಟ ಅಣ್ಣನಿಗೆ ಹೊಸದಲ್ಲ. ಮೊನ್ನೆಮೊನ್ನೆಯವರೆಗೂ ಅದು ತನ್ನದೇ. “ಚಕ್ರ ಕಣೋ, ತಿರುಗತ್ತೆ,” ಎನ್ನಲು ಹೊರಟವನು ಬಾಯಿ ಮುಚ್ಚಿಕೊಂಡ.