ಮಾರ್ತಮ್ಮನ ನಂಬಿಕೆ

ವೈದ್ಯರು ಕೈಚೆಲ್ಲಿದ ಮೇಲೆ ಸಮಾಧಾನಪ್ಪನನ್ನು ಮನೆಗೆ ಕರೆತಂದಿದ್ದರು. ದೇವರನ್ನು ನಂಬದೆ ಸತ್ತವರಿಗೆ ನರಕವೇ ಗತಿ ಎಂದು ಪಾದ್ರಿಗಳು ಬೆಳಿಗ್ಗೆ ಬಂದು ಹೇಳಿಹೋದ ಮಾತು ಹೆಂಡತಿ ಮಾರ್ತಮ್ಮನ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

“ಒಂದೇ ಒಂದು ಸಲ ನಂಬ್ತೀನಿ ಅನ್ನಿ. ನಿಮ್ಮ ದಮ್ಮಯ್ಯ.”

“ಅನ್ನಬಹುದು ಕಣೇ. ಒಳಗೆ ಇಲ್ವಲ್ಲ. ಬರೀ ಬಾಯಿಮಾತು ಅಂತ ನಿನ್ನ ದೇವರಿಗೆ ಗೊತ್ತಾಗಲ್ವಾ?”

“ಮನಸ್ಸು ಮಾಡಿದ್ರೆ ಬರುತ್ತೆ ರೀ.”

“ನಿನಗೋಸ್ಕರ ನಲವತ್ತು ವರ್ಷ ಮನಸ್ಸು ಮಾಡಿದೆ. ಬರಲಿಲ್ಲ. ಅದಕ್ಕೂ ಶಿಕ್ಷೆ ಕೊಡ್ತಾನಾ?”

ಅವಳು ಸೆರಗನ್ನು ಕಣ್ಣಿಗೊತ್ತಿಕೊಂಡಳು. ಕಣ್ಣೀರು ಕಂಡು ಅವನೇ ಅವಳ ಕೈ ಹಿಡಿದುಕೊಂಡ.

“ಅಳಬೇಡ. ನೀನಾದ್ರೂ ಸ್ವರ್ಗಕ್ಕೆ ಹೋಗ್ತೀಯಲ್ಲ.”

“ನೀವಿಲ್ಲದ ಕಡೆ ನಾನ್ಯಾಕೆ ಹೋಗ್ಲಿ? ನಂಬೋದನ್ನೇ ಬಿಟ್ಟುಬಿಡೋಣ ಅಂತ ಬೆಳಗಿಂದ ಒದ್ದಾಡ್ತಿದೀನಿ. ಆಗ್ತಾನೇ ಇಲ್ಲ ರೀ.”